ಕರಿಕಲ್ಲಿನ ಹಿಂಬದಿ

ಬೀದರದವರಿಗೂ ಸಮುದ್ರಕ್ಕೂ ಏನು ಸಂಬಂಧ ಎಂದು ಯಾರಾದರೂ ಕೇಳಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಸಂಬಂಧ ಇದೆ. ವರ್ಷಕ್ಕೊಮ್ಮೆ ದಸರೆಯ ರಜೆಯಲ್ಲಿ ಸಮುದ್ರದ ದಂಡೆಗೆ ಹೋಗಿ, ನಡೆದು, ಓಡಿ, ಉಪ್ಪುಗಾಳಿಗೆ ಮುಖ ಕಪ್ಪಗೆ ಮಾಡಿಕೊಂಡು ಬರುವ ಪದ್ಧತಿ ನಮ್ಮ ಮನೆಯಲ್ಲಿ ನಾನು ಹುಟ್ಟುವ ಮೊದಲಿನಿಂದಲೂ ಇದೆ. ಬೇರೆಯವರು ಯಾತ್ರೆಗೆ ಹೋಗುತ್ತಾರೆ, ನೆಂಟರ ಮನೆಗೆ ಹೋಗುತ್ತಾರೆ. ನಾವು ಓಡಲಿಕ್ಕೆ ಹೋಗುತ್ತೇವೆ. ಮೈಲೂರಿನ ನಮ್ಮ ಓಣಿಯಲ್ಲಿ ಇದಕ್ಕೆ ನಕ್ಕವರಿಗೆ ಲೆಕ್ಕವಿಲ್ಲ. ಬೀದರದಲ್ಲಿ ಓಡಲು ಜಾಗ ಇಲ್ಲವೇ, ಕೋಟೆಯ ಸುತ್ತ ಓಡಿದರೆ ಕಾಲು ಬೇಡ ಅನ್ನುತ್ತದೆಯೇ ಎಂದು ಕೇಳಿದವರಿದ್ದಾರೆ. ಅವರಿಗೆಲ್ಲ ಉತ್ತರ ಕೊಡುವ ಉಸಾಬರಿಗೆ ಅಪ್ಪ ಎಂದೂ ಹೋಗಲಿಲ್ಲ. ನಾನು ಹೋಗುತ್ತಿದ್ದೆ, ಜಗಳ ಮಾಡಿ ಬರುತ್ತಿದ್ದೆ.

ಅಪ್ಪ ಔರಾದ ತಾಲ್ಲೂಕಿನ ಚಿಂತಾಕಿಯವನು. ಅವನು ಹುಡುಗನಾಗಿದ್ದಾಗ ದೊಡ್ಡ ಬರಗಾಲ ಬಿತ್ತು. ಸರ್ಕಾರ ಹಂಚಿದ ಕೆಂಪು ಜೋಳದ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ ಎಂದು ಹೇಳುವಾಗ ಈಗಲೂ ಅವನ ಮುಖ ಹುಳ್ಳಗಾಗುತ್ತದೆ. ಆ ವರ್ಷ ಅಜ್ಜ ಮನೆಗೆ ಕೀಲಿ ಹಾಕಿ, ಎಲ್ಲರನ್ನೂ ಕರೆದುಕೊಂಡು ಕೊಂಕಣದ ಒಂದು ಸಣ್ಣ ಊರಿಗೆ ಹೋದ. ದಂಡೆಯ ಗುಂಟ ರಸ್ತೆ ಆಗುತ್ತಿತ್ತು, ಕಲ್ಲು ಒಡೆಯುವವರು ಬೇಕಾಗಿದ್ದರು. ಹೋಗುವಾಗ ಅಪ್ಪನ ತಲೆಯ ಮೇಲೆ ಪಾತ್ರೆಯ ಗಂಟು ಇತ್ತು. ಎರಡು ವರ್ಷ ಅವರು ಅಲ್ಲಿದ್ದರು. ಕೆಲಸ ಶುರುವಾಗುವ ಮೊದಲು, ಬೆಳಕು ಹರಿಯುವ ಹೊತ್ತಿಗೆ, ಅಪ್ಪ ಮರಳಿನ ಮೇಲೆ ಓಡುತ್ತಿದ್ದ. ಯಾರೂ ಓಡು ಎಂದಿರಲಿಲ್ಲ. ಚಿಂತಾಕಿಯ ಎರೆಹೊಲದ ಬಿರುಕುಗಳಲ್ಲಿ ಕಾಲು ಸಿಕ್ಕಿಸಿಕೊಂಡು ಬೆಳೆದ ಹುಡುಗನಿಗೆ ಅಷ್ಟು ಸಪಾಟಾದ ನೆಲ ಕಂಡಾಗ ಕಾಲು ಸುಮ್ಮನಿರಲಿಲ್ಲವಂತೆ.

ಮುಂದೆ ಅವನು ಊರಿಗೆ ಬಂದು, ಅರ್ಧಕ್ಕೆ ನಿಂತ ಸಾಲೆ ಮುಗಿಸಿ, ಬೀದರದ ಪಕ್ಕದ ಕೊಳಾರದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆದ. ನರ್ಸ್ ಆಗಿದ್ದ ಅವ್ವನನ್ನು ಮದುವೆಯಾದ. ಮದುವೆಯಾದ ವರ್ಷವೇ ಅವಳನ್ನು ಆ ಕೊಂಕಣದ ಊರಿಗೆ ಕರೆದುಕೊಂಡು ಹೋದ. ಯಾಕೆ ಎಂದು ಅವಳು ಕೇಳಿದ್ದಕ್ಕೆ ಅವನು ಹೇಳಿದ ಮಾತು ನಮ್ಮ ಮನೆಯಲ್ಲಿ ಗಾದೆಯೇ ಆಗಿದೆ.

"ಗಂಟು ಹೊತ್ಕೊಂಡು ಹೋದಾಂವ ಒಂದಿನ ಅದೇ ದಾರ್ಯಾಗ ಕೈ ಬೀಸ್ಕೋತ ಹೋಗಬೇಕು."

ನಮ್ಮದು ಮೆಥೊಡಿಸ್ಟ್ ಕ್ರೈಸ್ತ ಮನೆತನ. ಆದರೂ ನಮ್ಮ ಪ್ರವಾಸದ ದಿನ ಗೊತ್ತು ಮಾಡುತ್ತಿದ್ದದ್ದು ಆಯುಧ ಪೂಜೆ. ಆ ದಿನ ಕಾರ್ಖಾನೆಯಲ್ಲಿ ಯಂತ್ರಗಳಿಗೆ ಹಾರ ಹಾಕಿ, ಕುಂಬಳಕಾಯಿ ಒಡೆದು, ಮಧ್ಯಾಹ್ನಕ್ಕೆಲ್ಲ ಗೇಟು ಮುಚ್ಚುತ್ತಿದ್ದರು. ಅಪ್ಪ ಚುರುಮುರಿ, ಪೇಢೆಯ ಪೊಟ್ಟಣ ಹಿಡಿದುಕೊಂಡು ಬರುವಷ್ಟರಲ್ಲಿ ಅವ್ವ ಜೋಳದ ಕಟಿರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ಬಾಗಿಲಲ್ಲೇ ನಿಂತಿರುತ್ತಿದ್ದಳು. ಸಂಜೆಯ ಬಸ್ಸು ಹಿಡಿದು ಭಾಲ್ಕಿ, ಉದಗೀರ ದಾಟಿ ಬೆಳಗಾಗುವಾಗ ಪುಣೆ. ಅಲ್ಲಿಂದ ಘಟ್ಟ ಇಳಿಯುವ ಇನ್ನೊಂದು ಬಸ್ಸು. ವಿಜಯದಶಮಿಯ ಮಧ್ಯಾಹ್ನಕ್ಕೆ ನಾವು ಸಮುದ್ರದ ಮುಂದೆ, ಮರುದಿನ ಬೆಳಿಗ್ಗೆ ಊರಿನ ಬಸ್ಸು. ಅಪ್ಪ ನಿವೃತ್ತನಾದ ಮೇಲೂ ಈ ದಿನ ಬದಲಾಗಲಿಲ್ಲ.

ನಾನು ಹೈಸ್ಕೂಲು ಹುಡುಗಿಯಾಗಿದ್ದಾಗಿನ ಒಂದು ಪ್ರಯಾಣ ಮರೆಯಲಾರೆ. ಆ ವರ್ಷವೂ ಮಳೆ ಕೈಕೊಟ್ಟಿತ್ತು. ಭಾಲ್ಕಿ ಬಸ್‌ಸ್ಟ್ಯಾಂಡಿನಲ್ಲಿ ಔರಾದ ಕಡೆಯ ಜನ ಗಂಟುಮೂಟೆ, ಒಲೆ, ಕೋಳಿ ಸಮೇತ ಹತ್ತಿದರು. ಪುಣೆಯಲ್ಲಿ ಕಟ್ಟಡದ ಕೆಲಸಕ್ಕೆ ಹೊರಟವರು. ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ನಮ್ಮ ಪಕ್ಕ ನಿಂತ ಹೆಂಗಸೊಬ್ಬಳು ಅವ್ವನ ಇಸ್ತ್ರಿ ಸೀರೆ, ನನ್ನ ಕ್ಯಾನ್ವಾಸ್ ಬೂಟು ನೋಡಿ, ಯಾವ ಕೆಲಸಕ್ಕೆ ಹೊರಟಿರಿ ಅಕ್ಕಾ ಎಂದು ಕೇಳಿದಳು. ಅವ್ವ ಸುಳ್ಳು ಹೇಳುವವಳಲ್ಲ. ಸಮುದ್ರದ ದಂಡೆಯಲ್ಲಿ ನಡೆಯಲಿಕ್ಕೆ ಅಂದಳು. ಆ ಹೆಂಗಸು, ಕೇವಲ ನಡೆಯುವುದಕ್ಕೆ ಪಗಾರ ಕೊಡುತ್ತಾರೇನು, ಹಾಗಾದರೆ ನಮಗೂ ಆ ಕೂಲಿ ಮುಕಾದಮನ ವಿಳಾಸ ಹೇಳು ಅಂದಳು. ಇಡೀ ಬಸ್ಸು ನಕ್ಕಿತು. ನನಗೆ ನಾಚಿಕೆಯಿಂದ ನೆಲದಲ್ಲಿ ಇಳಿದು ಹೋಗಬೇಕು ಅನ್ನಿಸಿತು. ಅಪ್ಪ ಮಾತ್ರ ಎದ್ದು ಅವಳಿಗೆ ತನ್ನ ಸೀಟು ಕೊಟ್ಟು, ಪುಣೆಯವರೆಗೂ ನಿಂತುಕೊಂಡೇ ತಾನು ಗಂಟು ಹೊತ್ತು ಹೋದ ಕಥೆ ಹೇಳಿದ. ಇಳಿಯುವಾಗ ಆ ಹೆಂಗಸು ಅವ್ವನ ಕೈಹಿಡಿದು, ನಮ್ಮ ಪಾಲಿನದೂ ಎರಡು ಹೆಜ್ಜೆ ನಡೆದು ಬಾ ಅಂದಳು. ಅವ್ವ ಅದನ್ನು ಹರಕೆಯ ಹಾಗೆ ಹಿಡಿದುಕೊಂಡಳು. ಮುಂದೆ ಪ್ರತಿ ವರ್ಷ ಬಸ್ಸಿನಲ್ಲಿ ಗಂಟು ಕಂಡಾಗೆಲ್ಲ, ಈ ಸಲ ಯಾರ್ಯಾರ ಪಾಲಿನದು ನಡೆಯಬೇಕೋ ಎಂದು ಗೊಣಗುತ್ತಿದ್ದಳು.

ನಮ್ಮ ನಡಿಗೆಗೆ ಒಂದು ಗುರಿ ಇತ್ತು. ದಂಡೆಯ ದಕ್ಷಿಣದ ತುದಿಯಲ್ಲಿ ಆನೆಯಷ್ಟು ಎತ್ತರದ ಒಂದು ಕರಿಯ ಬಂಡೆ ಇದೆ. ಅಪ್ಪ ಹುಡುಗನಾಗಿದ್ದಾಗ ಅದನ್ನು ಮುಟ್ಟಿ ಹೊಳ್ಳಿ ಬರುತ್ತಿದ್ದ. ನಮ್ಮ ಬಾಯಲ್ಲಿ ಅದು ಕರಿಕಲ್ಲು. ದಶಮಿಯ ದಿನ ಊಟ ಮುಗಿಸಿದ ಕೂಡಲೇ ಅವ್ವ ಮುಂದೆ ಹೊರಡುತ್ತಿದ್ದಳು. ಅಪ್ಪ ಮತ್ತು ನಾನು ಒಂದು ನಿದ್ದೆ ತೆಗೆದು, ಆಮೇಲೆ ಓಡಿ ಅವಳನ್ನು ದಾಟಿ, ಹೊಳ್ಳಿ ಅವಳ ಹತ್ತಿರ ಬಂದು, ಮತ್ತೆ ಮುಂದೆ ಓಡಿ ಸತಾಯಿಸುತ್ತಿದ್ದೆವು. ಅವ್ವ ನಮ್ಮ ಕಡೆ ನೋಡುತ್ತಲೂ ಇರಲಿಲ್ಲ. ಚರ್ಚಿನ ಕೀರ್ತನೆಗಳನ್ನು ಸಣ್ಣ ದನಿಯಲ್ಲಿ ಹಾಡಿಕೊಳ್ಳುತ್ತ, ಕೈ ಬೀಸುತ್ತ, ವಾರ್ಡಿನಲ್ಲಿ ನಡೆಯುವ ಹಾಗೆ ನೆಟ್ಟಗೆ ನಡೆಯುತ್ತಿದ್ದಳು. ಕೊನೆಗೆ ಮೂವರೂ ಒಟ್ಟಿಗೆ ಅಂಗೈ ಇಟ್ಟು ಕಲ್ಲು ಮುಟ್ಟಬೇಕು. ಕಲ್ಲಿನ ಹಿಂಬದಿ ಯಾವಾಗಲೂ ನೀರಿನಲ್ಲೇ ಇರುತ್ತಿತ್ತು. ಅದನ್ನು ನಾವು ಯಾರೂ ನೋಡಿರಲಿಲ್ಲ, ಹುಡುಗನಾಗಿದ್ದಾಗ ಕೆಲಸಕ್ಕೆ ಹೊತ್ತಾಗುತ್ತದೆಂದು ಮುಂಬದಿ ಮುಟ್ಟಿದವನೇ ಓಡಿ ಬರುತ್ತಿದ್ದ ಅಪ್ಪನೂ ಕೂಡ.

ಸಮುದ್ರ ಏರಿಳಿಯುತ್ತದೆ ಎನ್ನುವುದು ನಮಗೆ ಗೊತ್ತಿತ್ತು. ಎಷ್ಟು ಗೊತ್ತಿತ್ತು ಎನ್ನುವುದೇ ನಗೆಪಾಟಲಿನ ವಿಷಯ. ಒಂದು ವರ್ಷ ರೊಟ್ಟಿಯ ಗಂಟನ್ನು ಒಣ ಮರಳಿನ ಮೇಲಿಟ್ಟು ಹೋಗಿ, ಸಂಜೆ ಬಂದು ನೋಡಿದರೆ ಸಮುದ್ರ ಅದನ್ನು ಉಂಡು ಮುಗಿಸಿತ್ತು. ಅವತ್ತು ಅಪ್ಪ ಒಂದು ಕಾನೂನು ಮಾಡಿದ. ಸಮುದ್ರ ಮಧ್ಯಾಹ್ನ ಇಳಿಯುತ್ತದೆ, ಸಂಜೆ ಏರುತ್ತದೆ. ಹುಡುಗನಾಗಿದ್ದಾಗ ಅವನು ನಸುಕಿನಲ್ಲಿ ನೀರು ಬಿಟ್ಟಷ್ಟು ಜಾಗದಲ್ಲಿ ಓಡಿದ್ದನೇ ಹೊರತು ಅದರ ಲೆಕ್ಕ ಇಟ್ಟಿರಲಿಲ್ಲ. ನಮಗೆ ಅದು ಸಹಜವಾಗಿಯೇ ಕಂಡಿತು. ಬೀದರದಲ್ಲಿ ನಳಕ್ಕೆ ನೀರು ಬಿಡಲು ಒಂದು ಹೊತ್ತಿದೆ, ಆ ಹೊತ್ತಿಗೆ ಕೊಡ ಹಿಡಿದು ನಿಲ್ಲಬೇಕು. ಸಮುದ್ರಕ್ಕೂ ಒಂದು ಹೊತ್ತು ಇರಲೇಬೇಕಲ್ಲ. ವರ್ಷ ವರ್ಷವೂ ನಾವು ಹೋದಾಗ ಅದು ಹಾಗೆಯೇ ಇರುತ್ತಿತ್ತು, ನಮ್ಮ ನಂಬಿಕೆ ಗಟ್ಟಿಯಾಗುತ್ತಲೇ ಹೋಯಿತು.

ಹೀಗಿರುವಾಗ ಒಂದು ಬೇಸಿಗೆಯಲ್ಲಿ ಅವ್ವ ಬಿದ್ದಳು. ಎರಡು ವರ್ಷ ಸತತ ಮಳೆಯಿಲ್ಲದೆ ನಮ್ಮ ಓಣಿಗೆ ನಳ ಬಂದ್ ಆಗಿ ಟ್ಯಾಂಕರ್ ಬರುತ್ತಿತ್ತು. ಟ್ಯಾಂಕರಿನ ಹತ್ತಿರ ಚೆಲ್ಲಿದ ನೀರಿನಲ್ಲಿ ಅವಳ ಕಾಲು ಜಾರಿತು. ಒಂದು ಹನಿ ನೀರಿಗೆ ಹೊಡೆದಾಡುತ್ತಿದ್ದ ಊರಿನಲ್ಲಿ ಅವಳು ನೀರಿನಲ್ಲೇ ಜಾರಿ ಬಿದ್ದದ್ದು ನನಗೆ ಇಂದಿಗೂ ಅರಗುವುದಿಲ್ಲ. ಟೊಂಕದ ಎಲುಬು ಮುರಿಯಿತು. ಆಪರೇಶನ್ ಮಾಡಿ ರಾಡು ಹಾಕಿದರು. ಮನೆಗೆ ಬಂದ ಅವ್ವ ವಾಕರ್ ಹಿಡಿದು ಮಂಚದಿಂದ ಬಚ್ಚಲಿಗೆ, ಬಚ್ಚಲಿನಿಂದ ಮಂಚಕ್ಕೆ ನಡೆಯುತ್ತಿದ್ದಳು. ಆಪರೇಶನ್ ಆದವರನ್ನು ಮರುದಿನವೇ ಎಬ್ಬಿಸಿ, ಬೈದು ನಡೆಸುತ್ತಿದ್ದ ನರ್ಸ್ ಅವಳು. ಈಗ ತನ್ನನ್ನೇ ಬೈದುಕೊಳ್ಳುತ್ತಿದ್ದಳು.

ಅಪ್ಪನಿಗೆ ಅಂಜಿಕೆ ಹೊಕ್ಕಿತು. ಎರಡನೆಯ ಸಲ ಬಿದ್ದರೆ ಅವಳು ಏಳುವುದಿಲ್ಲ ಎಂದು ಯಾರೋ ಅವನ ತಲೆಯಲ್ಲಿ ತುಂಬಿದ್ದರು. ಟ್ಯಾಂಕರಿನಿಂದ ಮನೆವರೆಗೆ ಅವಳನ್ನು ಎತ್ತಿಕೊಂಡು ಬಂದವನು ಅವನೇ. ಆ ದಿನದ ಅವಳ ಕೂಗು ಅವನ ಕಿವಿಯಿಂದ ಹೋಗಿರಲಿಲ್ಲ. ಒಂದು ದಿನ ಅವನು ಗಾಲಿಕುರ್ಚಿ ತಂದ. ಅವ್ವ ಅದನ್ನು ನೋಡಿ ಮುಖ ತಿರುಗಿಸಿದಳು. ಪ್ಲಾಸ್ಟಿಕ್ ಹಾಳೆಯನ್ನೂ ಬಿಚ್ಚದೆ ಅದು ಬಾಗಿಲ ಹಿಂದೆ ನಿಂತಿತು. ದಿನಾ ಅದರ ಮೇಲೊಂದು ಮಾತು, ಅದರ ಮೇಲೊಂದು ಮುನಿಸು. ಮುಂದಿನ ಮಳೆಗಾಲವೂ ಹುಸಿಹೋಗಿ ದಸರೆ ಹತ್ತಿರ ಬಂದಾಗ ಅಪ್ಪ ಈ ವರ್ಷ ಸಮುದ್ರ ಬೇಡ ಅಂದುಬಿಟ್ಟ. ಅವ್ವ ಅಡುಗೆಮನೆಯ ಬಾಗಿಲಿಗೆ ವಾಕರ್ ಊರಿ ನಿಂತಳು.

"ಕರಿಕಲ್ಲ ತನಾ ನನ್ನ ಕಾಲಿಲಿಂದ ನಡ್ದು ಮುಟ್ತೀನ್ರಿ. ಮುಟ್ಟಿದ್ರ ಈ ಕುರ್ಚ್ಯಾಗ ಕೂಡು ಅಂತ ನೀವು ಅನಬಾರ್ದು. ಮುಟ್ಟಲಿಲ್ಲಂದ್ರ ಬಂದು ಸುಮ್ಮ ಕೂಡ್ತೀನಿ, ಬಾಯಿ ತಗ್ಯಾಂಗಿಲ್ಲ."

ಅಪ್ಪ ನನ್ನ ಕಡೆ ನೋಡಿದ. ನಾನು ಭಾಲ್ಕಿಯ ಸಾಲೆಯಲ್ಲಿ ಮಕ್ಕಳಿಗೆ ಪಿ.ಟಿ. ಕಲಿಸುವವಳು, ಬುದ್ಧಿ ಹೇಳುತ್ತೇನೆ ಅಂದುಕೊಂಡಿದ್ದ. ನಾನು ಅವ್ವನ ಕಡೆಯಾದೆ. ಕೊನೆಗೆ ಎಲುಬಿನ ಡಾಕ್ಟರು ಹೂಂ ಅಂದರೆ ಹೋಗೋಣ ಎಂದು ಅಪ್ಪ ಅರ್ಧ ಒಪ್ಪಿದ. ಡಾಕ್ಟರು ದಸರೆಗೆ ತಮ್ಮ ಊರಿಗೆ ಹೋಗಿದ್ದರು. ಅವರು ಬಂದು, ಎಕ್ಸರೇ ನೋಡಿ, ಎಲುಬು ಕೂಡಿದೆ, ನಡೆಯಲಿ, ಹೆದರಿಸಬೇಡಿ ಅನ್ನುವಷ್ಟರಲ್ಲಿ ದಶಮಿ ಮುಗಿದು ಹೋಗಿತ್ತು. ನನ್ನ ರಜೆ ಇನ್ನೂ ಇತ್ತು. ನಾಲ್ಕೈದು ದಿನ ತಡವಾದರೆ ಸಮುದ್ರ ಎಲ್ಲಿಗೆ ಹೋಗುತ್ತದೆ ಅಂದೆ ನಾನು. ದೊಡ್ಡ ಜಾಣೆ.

ಬಸ್ಸಿನಲ್ಲಿ ಆ ಸಲವೂ ಗಂಟುಗಳಿದ್ದವು. ಅವ್ವನ ವಾಕರನ್ನೂ ಅವುಗಳ ಮಧ್ಯೆಯೇ ಇಟ್ಟರು. ರಾತ್ರಿಯಿಡೀ ಅವಳು ಕಾಲು ಚಾಚಿ ಕೂತಿದ್ದಳು, ಒಮ್ಮೆಯೂ ನೋವು ಅನ್ನಲಿಲ್ಲ. ಮರುದಿನ ಮಧ್ಯಾಹ್ನ ನಾವು ಪ್ರತಿ ವರ್ಷ ಇಳಿದುಕೊಳ್ಳುವ ಮನೆ ಮುಟ್ಟಿದೆವು. ಮನೆಯೊಡತಿ ಮರಾಠಿಯವಳು, ಅವ್ವನ ಓರಿಗೆಯವಳು. ನಾನು ಚಿಕ್ಕಂದಿನಿಂದ ಮಾವಶಿ, ಅಂದರೆ ಚಿಕ್ಕವ್ವ, ಎಂದೇ ಕರೆಯುತ್ತೇನೆ. ಮೀನಿನ ಸಾರು ಅನ್ನ ಉಂಡು, ಅವ್ವ ಸೀರೆ ಎತ್ತಿ ಕಟ್ಟಿಕೊಂಡು, ನಡೀರಿ ಅಂದಳು. ಸರುವೆ ಮರಗಳ ಸಾಲು ದಾಟಿದರೆ ದಂಡೆ. ದಾಟಿದೆವು. ದಂಡೆ ಇರಲಿಲ್ಲ.

ನೀರು ಸರುವೆಯ ಬೇರಿನವರೆಗೆ ಬಂದಿತ್ತು. ನಾವು ಓಡುತ್ತಿದ್ದ ಅಗಲವಾದ ಬಯಲು ಪೂರ್ತಿ ನೀರೊಳಗೆ. ದೂರದಲ್ಲಿ ಕರಿಕಲ್ಲಿನ ತಲೆ ಮಾತ್ರ ಕಾಣುತ್ತಿತ್ತು, ಅದರ ಮೇಲೂ ತೆರೆ ಹಾರುತ್ತಿತ್ತು. ಅದೇ ಹೊತ್ತು, ಅದೇ ಜಾಗ. ನನಗೆ ಸಿಟ್ಟು ನೆತ್ತಿಗೇರಿತು. ಮೊದಲು ಡಾಕ್ಟರಿಗೆ ಬೈದೆ, ಆಮೇಲೆ ಅಪ್ಪನಿಗೆ, ಕೊನೆಗೆ ಸಮುದ್ರಕ್ಕೇ ಬೈದೆ. ನಮ್ಮೂರಲ್ಲಿ ಕೊಡ ತುಂಬಲು ನೀರಿಲ್ಲ, ಇಲ್ಲಿ ಕಾಲಿಡಲು ನೆಲವಿಲ್ಲ ಎಂದು ಕೂಗಾಡಿದೆ. ಅಪ್ಪನ ಮುಖದಲ್ಲಿ ಒಂದು ಕ್ಷಣ ನಿರಾಳ ಕಂಡಿತು, ಅದನ್ನು ಕಂಡು ನನಗೆ ಇನ್ನೂ ಕೆಟ್ಟದೆನಿಸಿತು. ಅವ್ವ ವಾಕರಿನ ಮೇಲೆ ಎರಡೂ ಕೈ ಊರಿ ನೀರನ್ನೇ ನೋಡುತ್ತಿದ್ದಳು. ಅವಳ ಕಣ್ಣಲ್ಲಿ ನೀರು ಬಂದಿತ್ತು. ಬಾಗಿಲ ಹಿಂದಿನ ಆ ಕುರ್ಚಿ ಮೂವರ ಕಣ್ಣಿಗೂ ಕಟ್ಟಿತ್ತು ಎಂದು ಬಲ್ಲೆ.

ಹೊಳ್ಳಿ ಹೋದಾಗ ಮಾವಶಿ ನಮ್ಮ ಮುಖ ನೋಡಿ ಯಾರಿಗೆ ಏನಾಯಿತು ಎಂದು ಗಾಬರಿಯಾದಳು. ವಿಷಯ ಕೇಳಿದ ಮೇಲೆ ಸೆರಗು ಬಾಯಿಗಿಟ್ಟುಕೊಂಡು ನಗತೊಡಗಿದಳು. ಇವತ್ತು ಹುಣ್ಣಿಮೆ ಅಲ್ಲವೇ ಅಂದಳು. ಹುಣ್ಣಿಮೆಗೆ ಮಧ್ಯಾಹ್ನ ಭರತಿ, ಅಂದರೆ ನೀರು ತುಂಬುವ ಹೊತ್ತು. ಇಳಿಯುವುದು ಸೂರ್ಯ ಮುಳುಗುವಾಗ. ದಶಮಿಗಾದರೆ ಮಧ್ಯಾಹ್ನವೇ ಇಳಿದಿರುತ್ತದೆ. ತಿಥಿಯ ಜೊತೆ ಹೊತ್ತೂ ಸರಿಯುತ್ತದೆ. ಇಷ್ಟು ವರ್ಷ ನೀವು ದಶಮಿ ಹಿಡಿದೇ ಬರುತ್ತಿದ್ದಿರಿ, ನಮ್ಮಲ್ಲಿಗೆ ಬರುವ ಬೀದರದ ಜನ ಸಮುದ್ರವನ್ನು ಎಷ್ಟು ಚೆನ್ನಾಗಿ ಬಲ್ಲರು ಎಂದು ನಾನು ಊರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ ಅಂದಳು. ಅಪ್ಪ ಅವ್ವನ ಕಡೆ ನೋಡಿದ, ಅವ್ವ ನನ್ನ ಕಡೆ. ಆಯುಧ ಪೂಜೆಯ ರಜೆ ನಮ್ಮನ್ನು ಅಷ್ಟು ವರ್ಷ ಕಾಪಾಡಿತ್ತು. ನಾವೋ, ಸಮುದ್ರಕ್ಕೂ ನಳದ ಟೈಮು ಹಚ್ಚಿ ಕೂತಿದ್ದೆವು. ಮೊದಲು ನಕ್ಕವಳು ಅವ್ವ. ಬಿದ್ದ ಮೇಲೆ ಅವಳು ಅಷ್ಟು ಜೋರಾಗಿ ನಕ್ಕದ್ದು ಅದೇ ಮೊದಲು.

ಬಿಸಿಲು ಇಳಿಯುವವರೆಗೆ ಕಾದು ಮತ್ತೆ ಹೋದೆವು. ನೀರು ಹಿಂದೆ ಸರಿಯುತ್ತಿತ್ತು. ಬರೀ ಸರಿಯುತ್ತಿರಲಿಲ್ಲ, ನಾವು ಎಂದೂ ಕಾಣದಷ್ಟು ದೂರ ಹೊರಟುಹೋಗಿತ್ತು. ಹುಣ್ಣಿಮೆಗೆ ಎಷ್ಟು ಏರುತ್ತದೋ ಅಷ್ಟೇ ಇಳಿಯುತ್ತದಂತೆ. ಒದ್ದೆ ಮರಳು ಸಾರಿಸಿದ ಅಂಗಳದ ಹಾಗೆ ಗಟ್ಟಿಯಾಗಿತ್ತು. ಮೇಲಿನ ಸಡಿಲ ಮರಳಿನಲ್ಲಿ ವಾಕರಿನ ಕಾಲುಗಳು ಹೂತು ಹೋಗುತ್ತಿದ್ದವು. ಅಷ್ಟು ದೂರ ಅಪ್ಪನೂ ನಾನೂ ಅವಳನ್ನು ಎರಡೂ ಬದಿ ಹಿಡಿದು ದಾಟಿಸಿದೆವು. ಗಟ್ಟಿ ನೆಲ ಬಂದ ಕೂಡಲೇ ಅವಳು ನಮ್ಮ ಕೈ ಕೊಡವಿದಳು. ವಾಕರನ್ನು ನನ್ನ ಕೈಗೆ ಕೊಟ್ಟು, ಮಾವಶಿ ಕೊಟ್ಟಿದ್ದ ಸರುವೆಯ ಕೋಲು ಹಿಡಿದು ಹೆಜ್ಜೆ ಇಟ್ಟಳು.

ಆ ನಡಿಗೆ ನೋಡಬೇಕಾಗಿತ್ತು. ಮೊದಮೊದಲು ಒಂದು ಹೆಜ್ಜೆ, ಒಂದು ನಿಲುಗಡೆ. ಬಲಗಾಲು ಎಳೆಯುತ್ತಿತ್ತು, ಮರಳಿನಲ್ಲಿ ಅದರ ಗೆರೆ ಬೀಳುತ್ತಿತ್ತು. ಅಪ್ಪ ಅವಳ ಹಿಂದೆಯೇ ಎರಡೂ ಕೈ ಮುಂದೆ ಚಾಚಿಕೊಂಡು ಬರುತ್ತಿದ್ದ, ಈಗ ಬೀಳುತ್ತಾಳೆ ಆಗ ಬೀಳುತ್ತಾಳೆ ಎಂದು. ಅವಳು ತಿರುಗಿಯೂ ನೋಡದೆ ಅಂದಳು.

"ನೀವು ಓಡ್ರಿ. ನನ್ನ ಹಿಂದ ಹಿಂಗ ಬಂದ್ರ ನಂಗ ನಡ್ಯಾಕ ಆಗಂಗಿಲ್ಲ."

ಅಪ್ಪನಿಗೆ ಓಡುವ ಮನಸ್ಸಿರಲಿಲ್ಲ. ನಾನು ಅವನ ತೋಳು ಹಿಡಿದು ಎಳೆದೆ. ವಾಕರನ್ನು ಮರಳಿನಲ್ಲಿ ಬಿಟ್ಟು ಓಡಿದೆವು. ಸ್ವಲ್ಪ ದೂರ ಹೋಗಿ, ಹೊಳ್ಳಿ ಅವಳ ಹತ್ತಿರ ಬಂದೆವು, ಮತ್ತೆ ಓಡಿದೆವು, ಹಿಂದಿನ ವರ್ಷಗಳ ಹಾಗೆಯೇ. ಪ್ರತಿ ಸಲ ಹೊಳ್ಳಿದಾಗಲೂ ಅವಳು ಇನ್ನಷ್ಟು ಮುಂದೆ ಬಂದಿರುತ್ತಿದ್ದಳು. ಮೂರನೆಯ ಸಲಕ್ಕೆ ಕೀರ್ತನೆ ಕೇಳಿಸಿತು. ಅಪ್ಪ ನಿಂತುಬಿಟ್ಟ. ಬೀಳುವ ಮೊದಲಿನ ನಿಮ್ಮವ್ವ ಬಂದಳು ಅಂದ. ಅವನು ಅಳುತ್ತಿದ್ದ, ಮರೆಮಾಡಲೂ ಇಲ್ಲ. ನನಗೂ ಅಳು ಬಂತು, ಜೊತೆಗೆ ಎದೆ ತುಂಬುವಷ್ಟು ಹೆಮ್ಮೆ.

ಸೂರ್ಯ ನೀರಿಗೆ ತಾಗುವ ಹೊತ್ತಿಗೆ ಅವ್ವ ಕರಿಕಲ್ಲಿನ ಮುಂದೆ ನಿಂತಿದ್ದಳು. ಮೂವರೂ ಅಂಗೈ ಇಟ್ಟೆವು. ಕಲ್ಲು ಬಿಸಿಲಿನ ಕಾವು ಇಟ್ಟುಕೊಂಡಿರಲಿಲ್ಲ, ಆಗತಾನೇ ನೀರಿನಿಂದ ಎದ್ದು ತಣ್ಣಗಿತ್ತು. ಪಂದ್ಯ ಮುಗಿಯಿತು, ನೀನು ಗೆದ್ದೆ ಅವ್ವಾ ಅಂದೆ ನಾನು. ಅಪ್ಪ ತಲೆ ಆಡಿಸಿ, ಇನ್ನು ಹೊಳ್ಳೋಣ, ಬಂಡೆಯ ಆಚೆ ಮೀನುಗಾರರ ಓಣಿಯಲ್ಲಿ ಆಟೋ ಸಿಗುತ್ತದೆ ಅಂದ. ಅವ್ವ ಕೇಳಿಸಿಕೊಳ್ಳಲಿಲ್ಲ. ಕತ್ತು ಚಾಚಿ ಕಲ್ಲಿನ ಪಕ್ಕ ನೋಡುತ್ತಿದ್ದಳು. ಅಲ್ಲಿ ನೀರಿರಲಿಲ್ಲ. ನಾವು ಒಮ್ಮೆಯೂ ಕಾಣದ ಹಿಂಬದಿ ಬರಿದಾಗಿ, ಒದ್ದೆ ಮರಳಿನ ಮೇಲೆ ನಿಂತಿತ್ತು.

ಅವಳು ಕೋಲನ್ನು ಕಲ್ಲಿಗೆ ಆನಿಸಿ ಇಟ್ಟಳು. ಅಪ್ಪ ಬೇಡ ಅನ್ನಲು ಬಾಯಿ ತೆರೆದ, ನಾನು ಅವನ ಅಂಗಿ ಹಿಡಿದೆ. ಬರಿಗೈಯಲ್ಲಿ, ಮೊದಲು ಕಲ್ಲನ್ನು ಸವರುತ್ತ, ಆಮೇಲೆ ಅದನ್ನೂ ಬಿಟ್ಟು, ಅವ್ವ ಆ ಬಂಡೆಯ ಸುತ್ತ ಹೊರಟಳು. ಎರಡೂ ಕೈ ಬೀಸುತ್ತಿದ್ದವು. ಹಿಂಬದಿಯಲ್ಲಿ ಚಿಪ್ಪುಗಳು ಅಂಟಿದ್ದವು, ಹಸಿರು ಪಾಚಿ ಇತ್ತು. ಅವಳು ಪಾಚಿಯಿಂದ ದೂರ ಸರಿದು, ಗಟ್ಟಿ ಮರಳಿನ ಮೇಲೇ ಕಾಲಿಟ್ಟು ಒಂದು ಪೂರ್ತಿ ಸುತ್ತು ಹಾಕಿ ಈಚೆಗೆ ಬಂದಳು. ನಾವಿಬ್ಬರು ಹಿಂದೆ. ಅಷ್ಟು ವರ್ಷ ಓಡಿದ ಅಪ್ಪ ಆ ಕಲ್ಲು ಸುತ್ತಿದ್ದು ಅವ್ವನ ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟು. ಪೂರ್ವದ ಗುಡ್ಡದ ಮೇಲೆ ಚಂದ್ರ ಬಂದಿದ್ದ. ಅವ್ವ ಏದುಸಿರು ಬಿಡುತ್ತ, ಬಸ್ಸಿನವರ ಪಾಲಿನದೂ ನಡೆದಾಯಿತು ಅಂದಳು.

ಊರಿಗೆ ಬಂದ ಮೇಲೆ ಅಪ್ಪ ಕೊಟ್ಟ ಮಾತಿನಂತೆ ಕುರ್ಚಿಯ ಸುದ್ದಿ ಎತ್ತಲಿಲ್ಲ. ಅದನ್ನು ಯಾರಿಗಾದರೂ ಕೊಟ್ಟುಬಿಡೋಣ ಅಂದೆ ನಾನು. ಅವ್ವ ಬೇಡ ಅಂದಳು. ಮರುದಿನ ಓಣಿಗೆ ಟ್ಯಾಂಕರ್ ಬಂದ ಸದ್ದು ಕೇಳಿತು. ನಾನು ಕೊಡ ಹುಡುಕುತ್ತ ಹೊರಗೆ ಬರುವಷ್ಟರಲ್ಲಿ ಅವ್ವ ಬಾಗಿಲ ಹಿಂದಿನ ಕುರ್ಚಿಯ ಪ್ಲಾಸ್ಟಿಕ್ ಹರಿದು ಎಸೆದು, ಅದನ್ನು ಓಣಿಗೆ ತಂದಿದ್ದಳು. ಟ್ಯಾಂಕರಿನ ಮುಂದೆ ಜನ ಸರಿದು ದಾರಿ ಬಿಟ್ಟರು, ಪಾಪ, ಕುರ್ಚಿಯವಳು ಬಂದಳು ಎಂದು. ಅವ್ವ ಎರಡು ಕೊಡ ತುಂಬಿಸಿದಳು. ಒಂದನ್ನು ಕುರ್ಚಿಯ ಸೀಟಿನ ಮೇಲೆ ಕೂಡಿಸಿದಳು, ಇನ್ನೊಂದನ್ನು ಕಾಲಿಡುವ ಹಲಗೆಯ ಮೇಲೆ. ಆಮೇಲೆ ಸೆರಗು ಸಿಕ್ಕಿಸಿ, ಹಿಂದಿನಿಂದ ಹಿಡಿಕೆ ಹಿಡಿದು, ಓಣಿಯ ನಡುವೆ ನೆಟ್ಟಗೆ ತಳ್ಳಿಕೊಂಡು ಮನೆಗೆ ಬಂದಳು.